ಅರವತ್ತರ ಅರಳುಮರಳು: ಒಂದು ನಂಬಿಕೆಯ ಚರಿತ್ರೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದ ಕನ್ನಡ ಮನೆ ಇರಲಾರದು. ಅಜ್ಜ ಊಟ ಬೇಡವೆಂದು ಎದ್ದು ಹೋದರೆ, ಅಜ್ಜಿ ನಡುರಾತ್ರಿ ಎದ್ದು ಕುಳಿತು ಬಾಗಿಲನ್ನೇ ನೋಡುತ್ತಿದ್ದರೆ, ನಿನ್ನೆ ಆಡಿದ ಮಾತು ಇಂದು ನೆನಪಿಲ್ಲವೆಂದರೆ, ಎಲ್ಲಕ್ಕೂ ಈ ಒಂದೇ ಮಾತಿನ ಸಮಾಧಾನ. ಆಡುವವರ ಮನಸ್ಸಿನಲ್ಲಿ ತಿರಸ್ಕಾರವಿರಬೇಕೆಂದೇನೂ ಇಲ್ಲ, ಪ್ರೀತಿಯಿಂದಲೇ ಆಡುವುದುಂಟು. ಆದರೆ ಆ ಮಾತು ಬಂದೊಡನೆ ಮುಂದಿನ ಪ್ರಶ್ನೆ ನಿಂತುಹೋಗುತ್ತದೆ. ಊಟ ಏಕೆ ಬೇಡ? ನಿದ್ದೆ ಏಕೆ ಬಾರದು? ದೇಹದ ಕಾಯಿಲೆಯೋ, ದುಃಖವೋ, ಔಷಧದ ದೋಷವೋ, ಇಲ್ಲವೆ ನಿಜವಾಗಿಯೂ ಮರೆವಿನ ರೋಗವೋ? ಕೇಳುವವರಿಲ್ಲ.

ಈ ನಂಬಿಕೆ ನಮ್ಮ ನಾಡಿನದು ಮಾತ್ರವಲ್ಲ. ಇಂಗ್ಲೆಂಡಿನ ವೈದ್ಯರೂ 20ನೆಯ ಶತಮಾನದ ನಡುವಿನವರೆಗೆ ಇದನ್ನೇ ‘ಸೆನೈಲ್’ ಎಂಬ ಲ್ಯಾಟಿನ್ ಮೂಲದ ಪದದಲ್ಲಿ ಹೇಳುತ್ತಿದ್ದರು. ಆ ನಂಬಿಕೆ ಅಲ್ಲಿ ಹೇಗೆ ಮುರಿಯಿತು, ವೃದ್ಧರ ಮನಸ್ಸಿನ ಆರೈಕೆ ಹುಚ್ಚಾಸ್ಪತ್ರೆಯ ಗೋಡೆಯೊಳಗಿಂದ ಹೊರಟು ಮನೆಯ ಬಾಗಿಲಿಗೆ ಹೇಗೆ ಬಂದಿತು, ಅದಕ್ಕೆಂದೇ ಒಂದು ಹೊಸ ಬಗೆಯ ಕಾರ್ಯಕರ್ತರು ಹೇಗೆ ಹುಟ್ಟಿಕೊಂಡರು ಎಂಬುದೇ ಪ್ರಸ್ತುತ ಲೇಖನದ ವಿಷಯ. ಇಂಗ್ಲೆಂಡಿನ ವೃತ್ತಾಂತವನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಅಲ್ಲಿ ನಡೆದುದು, ಅಲ್ಲಿಯವರ ತಪ್ಪುಗಳೂ ಸೇರಿ, ಬರವಣಿಗೆಯಲ್ಲಿ ಉಳಿದಿದೆ. ಲೆಕ್ಕ ಬರೆದಿಟ್ಟವನ ನಷ್ಟದಿಂದಲೂ ಇತರರು ಕಲಿಯಬಹುದಲ್ಲವೇ!

1834ರ ಬಡವರ ಕಾಯಿದೆಯ ಪ್ರಕಾರ ಅಲ್ಲಿ ದಿಕ್ಕಿಲ್ಲದವರಿಗೆ ಇದ್ದ ಆಸರೆ ವರ್ಕ್‌ಹೌಸ್ ಎಂಬ ಸರ್ಕಾರಿ ದುಡಿಮೆಮನೆ. ಸೋಮಾರಿಗಳು ಹೆದರಲಿ ಎಂದು ಅದನ್ನು ಬೇಕೆಂದೇ ಕಠಿಣವಾಗಿ ಕಟ್ಟಿದ್ದರು. ಆದರೆ ಅದರೊಳಗೆ ತುಂಬಿದವರಲ್ಲಿ ದುಡಿಯಲು ಕಸುವಿಲ್ಲದ ಮುದುಕರೂ ಮುದುಕಿಯರೂ ಬಹಳ ಮಂದಿ. 1845ರ ಕಾಯಿದೆ ಪ್ರತಿ ಜಿಲ್ಲೆಗೂ ಒಂದು ಹುಚ್ಚಾಸ್ಪತ್ರೆಯನ್ನು ಕಡ್ಡಾಯ ಮಾಡಿತು. ದುಡಿಮೆಮನೆಯಲ್ಲಿ ಗಲಾಟೆ ಮಾಡಿದ ವೃದ್ಧರು ಅಲ್ಲಿಗೆ ಸಾಗಿಸಲ್ಪಟ್ಟರು. 1909ರ ಜನವರಿಯಿಂದ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ 5 ಷಿಲಿಂಗ್ ಪಿಂಚಣಿ ದೊರೆಯಲಾರಂಭಿಸಿದಾಗ ಕೆಲವರಾದರೂ ಸ್ವಂತ ಒಲೆಯ ಮುಂದೆ ಸಾಯುವ ಭಾಗ್ಯ ಪಡೆದರು. ಉಳಿದವರ ಪಾಡು ಬದಲಾಗಲಿಲ್ಲ.

ಮೊದಲ ಬಿರುಕು ಮನಸ್ಸಿನ ವೈದ್ಯರಿಂದಲ್ಲ, ಒಬ್ಬ ಶಸ್ತ್ರವೈದ್ಯೆಯಿಂದ ಬಂದಿತು. 1935ರಲ್ಲಿ ಲಂಡನ್ನಿನ ಪಶ್ಚಿಮದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ದುಡಿಮೆಮನೆಯ ರೋಗಿಗಳ ವಿಭಾಗವನ್ನು ಸೇರಿಸಿದಾಗ, 700ಕ್ಕೂ ಮಿಕ್ಕ ಆ ರೋಗಿಗಳ ಹೊಣೆ ಡಾ. ಮಾರ್ಜೊರಿ ವಾರೆನ್ ಅವರ ಪಾಲಿಗೆ ಬಂದಿತು. ಬಹುಮಂದಿ ವರ್ಷಗಟ್ಟಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಆಕೆ ಮಾಡಿದ್ದು ಇಷ್ಟೇ: ಒಬ್ಬೊಬ್ಬರನ್ನೂ ಪರೀಕ್ಷಿಸಿದರು, ರೋಗಕ್ಕೆ ತಕ್ಕಂತೆ ಬೇರೆ ಬೇರೆ ಮಾಡಿದರು, ಗೋಡೆಗೆ ಬಣ್ಣ ಹೊಡೆಸಿದರು, ದೀಪ ಹಾಕಿಸಿದರು, ಎಬ್ಬಿಸಿ ನಡೆಸಿದರು. ವಾಸಿಯಾಗದವರೆಂದು ಬರೆದಿಟ್ಟಿದ್ದ ಅನೇಕರು ಮನೆಗೆ ನಡೆದುಹೋದರು. ವೃದ್ಧಾಪ್ಯ ಬೇರೆ, ವೃದ್ಧರಿಗೆ ಬರುವ ರೋಗ ಬೇರೆ ಎಂಬ ವಿವೇಕ ಅಲ್ಲಿಂದ ಒಂದು ವೈದ್ಯಶಾಖೆಯಾಯಿತು.

ದೇಹದ ವಿಷಯದಲ್ಲಿ ವಾರೆನ್ ಮಾಡಿದ್ದನ್ನು ಮನಸ್ಸಿನ ವಿಷಯದಲ್ಲಿ ಮಾಡಿದವರು ಡಾ. ಮಾರ್ಟಿನ್ ರಾತ್. ಚಿಚೆಸ್ಟರ್ ಊರಿನ ಗ್ರೇಲಿಂಗ್‌ವೆಲ್ ಮಾನಸಿಕ ಆಸ್ಪತ್ರೆಗೆ ದಾಖಲಾದ 60 ವರ್ಷಕ್ಕೆ ಮೇಲ್ಪಟ್ಟವರ ಹಳೆಯ ಕಡತಗಳನ್ನು ಅವರು ತೆಗೆದರು. ಅವರು ಕೇಳಿದ ಪ್ರಶ್ನೆ ಯಾವ ಗುಮಾಸ್ತನೂ ಕೇಳಬಹುದಾಗಿದ್ದ ಪ್ರಶ್ನೆ: ಒಳಗೆ ಬಂದ ಈ ಮುದುಕರು ಆರು ತಿಂಗಳ ಮೇಲೆ ಎಲ್ಲಿದ್ದರು? ಎರಡು ವರ್ಷದ ಮೇಲೆ ಎಲ್ಲಿದ್ದರು? ಮನೆಗೆ ಹೋದರೇ, ಆಸ್ಪತ್ರೆಯಲ್ಲೇ ಉಳಿದರೇ, ಸತ್ತರೇ? 1955ರಲ್ಲಿ ಪ್ರಕಟವಾದ ಉತ್ತರ ವೈದ್ಯಲೋಕವನ್ನು ಬೆಚ್ಚಿಸಿತು. ಒಂದೇ ರಾಶಿಯೆಂದು ಎಣಿಸಿದ್ದ ‘ಮುಪ್ಪಿನ ಹುಚ್ಚು’ ಒಂದಲ್ಲ, ಐದು. ನಿಜವಾದ ಮರೆವಿನ ರೋಗದವರಲ್ಲಿ ಹೆಚ್ಚಿನವರು ಎರಡು ವರ್ಷದೊಳಗೆ ತೀರಿಕೊಂಡಿದ್ದರು. ಮಿದುಳಿನ ರಕ್ತನಾಳ ಕೆಟ್ಟವರ ಗತಿ ಅದಕ್ಕಿಂತ ತುಸು ನಿಧಾನ. ದೇಹದ ಜ್ವರ, ಸೋಂಕು, ನಂಜುಗಳಿಂದ ಥಟ್ಟನೆ ಬಡಬಡಿಸತೊಡಗಿದವರು, ಅಂದರೆ ನಮ್ಮ ಹಿರಿಯರು ಸನ್ನಿ ಎಂದು ಕರೆಯುತ್ತಿದ್ದ ಸ್ಥಿತಿಯವರು, ಬೇಗ ಗುಣವಾಗುತ್ತಿದ್ದರು ಇಲ್ಲವೆ ಬೇಗ ಸಾಯುತ್ತಿದ್ದರು. ಯಾರೋ ತನ್ನ ಮೇಲೆ ಸಂಚು ಹೂಡಿದ್ದಾರೆಂಬ ಭ್ರಮೆಯವರು ಬದುಕಿರುತ್ತಿದ್ದರು, ಆದರೆ ಆಸ್ಪತ್ರೆಯಲ್ಲೇ ಇರುತ್ತಿದ್ದರು. ಐದನೆಯ ಗುಂಪಿನದು ಖಿನ್ನತೆ. ಅವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆದು ಮನೆಗೆ ಮರಳಿದ್ದರು.

ಇದರ ಅರ್ಥವನ್ನು ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಗುಣವಾಗಬಲ್ಲ ದುಃಖಕ್ಕೂ ಗುಣವಾಗದ ಮರೆವಿಗೂ ಒಂದೇ ಹೆಸರಿಟ್ಟು ಒಂದೇ ಕೋಣೆಯಲ್ಲಿ ಕೂಡಿಹಾಕಿದ್ದ ಕಾಲದಲ್ಲಿ ಎಷ್ಟು ಜನ ಸುಮ್ಮನೆ ಸತ್ತಿರಬೇಕು! ಖಿನ್ನತೆಯಲ್ಲಿರುವ ವೃದ್ಧರಿಗೂ ಮರೆವು ಬರುತ್ತದೆ, ಮಾತು ನಿಧಾನವಾಗುತ್ತದೆ. ಪ್ರಶ್ನೆ ಕೇಳಿದರೆ ‘ಗೊತ್ತಿಲ್ಲ’ ಎನ್ನುತ್ತಾರೆ. ಹೊರನೋಟಕ್ಕೆ ಎರಡೂ ಒಂದೇ. ಒಳಗೆ ಒಂದು ಮುಚ್ಚಿದ ಅಂಗಡಿ, ಇನ್ನೊಂದು ಬೆಂಕಿ ಬಿದ್ದ ಅಂಗಡಿ.

ಇದೇ ಕಾಲದಲ್ಲಿ ಲಂಡನ್ನಿನ ಬೆಥ್ಲೆಮ್ ಮತ್ತು ಮಾಡ್ಸ್ಲಿ ಆಸ್ಪತ್ರೆಯಲ್ಲಿ ವೃದ್ಧರಿಗೆಂದೇ ವಿಭಾಗ ನಡೆಸುತ್ತಿದ್ದ ಡಾ. ಫೀಲಿಕ್ಸ್ ಪೋಸ್ಟ್ ವೃದ್ಧರ ಖಿನ್ನತೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ, ಗುಣವಾದವರಲ್ಲಿ ಅನೇಕರಿಗೆ ಅದು ಮರುಕಳಿಸುತ್ತದೆ ಎಂಬ ಅಹಿತವಾದ ಸತ್ಯವನ್ನೂ ದಾಖಲಿಸಿದರು. ಹಾಗೆಂದಮೇಲೆ ಆಸ್ಪತ್ರೆಯಿಂದ ಮನೆಗೆ ಕಳಿಸಿದರೆ ಸಾಲದು; ಮನೆಯಲ್ಲಿ ಯಾರಾದರೂ ನೋಡುತ್ತಿರಬೇಕು ಎಂದಾಯಿತು. ಪ್ರಾಸಂಗಿಕವಾಗಿ ಒಂದು ಮಾತು. ರಾತ್ ಹುಟ್ಟಿದ್ದು ಬುಡಾಪೆಸ್ಟ್ ನಗರದಲ್ಲಿ, ಪೋಸ್ಟ್ ಬರ್ಲಿನ್ನಿನಲ್ಲಿ, ಮುಂದೆ ಹೇಳಲಿರುವ ಟಾಮ್ ಏರಿ ಪ್ರಾಗ್‌ನಲ್ಲಿ. ಅವರ ಹಿಂದೆಯೇ ಭಾರತ ಮತ್ತು ನೆರೆ ದೇಶಗಳಿಂದ ಹೋದ ವೈದ್ಯರು ದೊಡ್ಡ ಸಂಖ್ಯೆಯಲ್ಲಿ ಈ ಶಾಖೆಯನ್ನು ಸೇರಿದರು. ಹೃದಯ, ಶಸ್ತ್ರಚಿಕಿತ್ಸೆಗಳಂತಹ ಮಾನದ ಹುದ್ದೆಗಳು ಅವರಿಗೆ ಸುಲಭಕ್ಕೆ ದೊರೆಯುತ್ತಿರಲಿಲ್ಲ; ಊರಿನವರು ಒಲ್ಲದ ಮುದುಕರ ವಾರ್ಡು ದೊರೆಯುತ್ತಿತ್ತು. ಇಂಗ್ಲೆಂಡಿನ ಅಜ್ಜ ಅಜ್ಜಿಯರನ್ನು ಹೊರಗಿನಿಂದ ಬಂದವರು ಇಷ್ಟು ಮಟ್ಟಿಗೆ ನೋಡಿಕೊಂಡರೆಂಬುದು ಆ ದೇಶ ಇನ್ನೂ ಪೂರ್ತಿ ಒಪ್ಪಿಕೊಳ್ಳದ ಋಣ.

ವೈದ್ಯರಲ್ಲದ ಇಬ್ಬರ ಮಾತನ್ನೂ ಇಲ್ಲಿ ಹೇಳಬೇಕು. ಮೊದಲನೆಯವರು ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್. ಪೂರ್ವ ಲಂಡನ್ನಿನ ಬೆಥ್ನಲ್ ಗ್ರೀನ್ ಎಂಬ ಕೂಲಿಕಾರರ ಬಡಾವಣೆಯಲ್ಲಿ 203 ವೃದ್ಧರನ್ನು ಮನೆಮನೆಗೆ ಹೋಗಿ ಮಾತನಾಡಿಸಿ 1957ರಲ್ಲಿ ಅವರು ಒಂದು ಗ್ರಂಥ ಬರೆದರು. ಅದರಲ್ಲಿ ಒಂಟಿಯಾಗಿರುವುದಕ್ಕೂ ಬರಿದಾಗುವುದಕ್ಕೂ ಅವರು ಮಾಡಿದ ಭೇದ ನನಗೆ ಬಹಳ ಹಿಡಿಸಿತು. ಜನರೊಡನೆ ಸಂಪರ್ಕ ಕಡಿಮೆಯಿರುವುದು ಒಂಟಿತನ. ಪ್ರೀತಿಪಾತ್ರರೊಬ್ಬರನ್ನು ಕಳೆದುಕೊಂಡು ಒಳಗೆ ಹಾಳುಬೀಳುವುದು ಬೇರೆ. ಮೊದಲಿನಿಂದಲೂ ಒಂಟಿಯಾಗಿದ್ದ ಮುದುಕ ತಾನು ಒಂಟಿಯೆಂದು ಕೊರಗದೆ ಇರಬಹುದು. ಮಕ್ಕಳು ಮೊಮ್ಮಕ್ಕಳ ನಡುವೆಯೇ ಇರುವ ವಿಧವೆ ಕೊರಗಬಹುದು. ನಮ್ಮ ಅವಿಭಕ್ತ ಕುಟುಂಬಗಳಿಗೆ ಇದು ನೇರವಾಗಿ ತಾಗುವ ಮಾತು. ಮನೆಯಲ್ಲಿ ಹತ್ತು ಜನರಿದ್ದಾರೆ, ಅವರಿಗೇನು ಕೊರತೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹತ್ತು ಜನ ಆ ಒಬ್ಬರ ಸ್ಥಾನವನ್ನು ತುಂಬಲಾರರೆಂಬುದನ್ನು ಗಣನೆಗೆ ತರುವುದಿಲ್ಲ.

ಟೌನ್‌ಸೆಂಡ್ ಅಲ್ಲಿಗೆ ನಿಲ್ಲಲಿಲ್ಲ. ದೇಶದ ಉದ್ದಗಲಕ್ಕೆ 173 ವೃದ್ಧಾಶ್ರಮಗಳನ್ನು ಕಂಡು 1962ರಲ್ಲಿ ಇನ್ನೊಂದು ಗ್ರಂಥ ಪ್ರಕಟಿಸಿದರು. ಹಳೆಯ ದುಡಿಮೆಮನೆಗಳೇ ಹೆಸರು ಬದಲಿಸಿಕೊಂಡು ನಡೆಯುತ್ತಿದ್ದವು. ಅನ್ನ, ಹಾಸಿಗೆ, ಚೊಕ್ಕಟತನ ಇದ್ದಲ್ಲಿಯೂ ಮಾಡಲು ಕೆಲಸವಿಲ್ಲ, ತನ್ನದೆನ್ನುವ ವಸ್ತುವಿಲ್ಲ, ತಾನು ಯಾರಿಗೂ ಬೇಕಾಗಿಲ್ಲವೆಂಬ ಅರಿವು ಮಾತ್ರ ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ಕಟ್ಟಡಕ್ಕೆ ಹಾಕುವ ಹಣವನ್ನು ಮನೆಯಲ್ಲೇ ದೊರೆಯುವ ಸಹಾಯಕ್ಕೆ ಹಾಕಿರೆಂಬುದು ಅವರ ವಾದ. ಬಸದಿಯ ಟ್ರಸ್ಟುಗಳ ಸಭೆಗಳಲ್ಲಿ ವೃದ್ಧಾಶ್ರಮದ ಮಾತು ಬಂದಾಗಲೆಲ್ಲ ನಕ್ಷೆ, ಅಂದಾಜು ಪಟ್ಟಿ, ದಾನಿಗಳ ಹೆಸರಿನ ಕಲ್ಲು ಇವುಗಳ ಚರ್ಚೆ ಬೇಗ ಮುಗಿಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿಯ ವಾಸಿಗಳು ಏನು ಮಾಡುತ್ತಿರುತ್ತಾರೆಂಬ ಚರ್ಚೆ ಪ್ರಾರಂಭವಾಗುವುದೇ ಇಲ್ಲ. ಇದು ಯಾವ ಒಂದು ಟ್ರಸ್ಟಿನ ದೋಷವೂ ಅಲ್ಲ. ಕಟ್ಟಡವನ್ನು ಅಳೆಯಬಹುದು, ಬೇಸರವನ್ನು ಅಳೆಯುವುದು ಕಷ್ಟ.

ಎರಡನೆಯವರು ಬಾರ್ಬರಾ ರಾಬ್. ಪರಿಚಯದ ವೃದ್ಧೆಯೊಬ್ಬರನ್ನು ಕಾಣಲು ಲಂಡನ್ನಿನ ಫ್ರಿಯರ್ನ್ ಮಾನಸಿಕ ಆಸ್ಪತ್ರೆಗೆ ಹೋದ ಈಕೆ ಅಲ್ಲಿ ಕಂಡದ್ದನ್ನು ಮರೆಯಲಿಲ್ಲ. ವಾರ್ಡಿಗೆ ಸೇರಿದ ಮುದುಕಿಯರಿಂದ ಕನ್ನಡಕ, ಕಟ್ಟಿಸಿದ ಹಲ್ಲು, ಕಿವಿಯ ಯಂತ್ರಗಳನ್ನು ತೆಗೆದಿಡುವುದು ಅಲ್ಲಿಯ ರೂಢಿ. ಕಳೆದುಹೋಗಬಾರದು ಎಂಬುದು ನೆಪ. ಕಾಣದ, ಕೇಳದ, ಅಗಿಯಲಾರದ ಮನುಷ್ಯ ಎರಡು ವಾರದಲ್ಲಿ ಬುದ್ಧಿ ಕೆಟ್ಟವನಂತೆ ತೋರಿದರೆ ಆಶ್ಚರ್ಯವೇ? ರೋಗವನ್ನು ವಾರ್ಡೇ ತಯಾರಿಸುತ್ತಿತ್ತು. 1965ರ ನವೆಂಬರಿನಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಗಣ್ಯರ ಸಹಿಯೊಡನೆ ಈ ಬಗ್ಗೆ ಒಂದು ಪತ್ರ ಬಂದಿತು. ದೇಶದ ಮೂಲೆಮೂಲೆಯ ದಾದಿಯರು, ಬಂಧುಗಳು ತಾವು ಕಂಡದ್ದನ್ನು ಬರೆದು ಕಳಿಸಿದರು. ಅವನ್ನೆಲ್ಲ ಸೇರಿಸಿ ರಾಬ್ 1967ರಲ್ಲಿ ಪ್ರಕಟಿಸಿದ ‘ಸ್ಯಾನ್ಸ್ ಎವೆರಿಥಿಂಗ್’ ಎಂಬ ಪುಸ್ತಕ ಕೋಲಾಹಲವೆಬ್ಬಿಸಿತು. ಸರ್ಕಾರದ ವಿಚಾರಣಾ ಸಮಿತಿಗಳು 1968ರಲ್ಲಿ ಹೆಚ್ಚಿನ ಆರೋಪಗಳನ್ನು ತಳ್ಳಿಹಾಕಿದವು. ಆದರೆ ಮರುವರ್ಷವೇ ಕಾರ್ಡಿಫ್‌ನ ಈಲಿ ಆಸ್ಪತ್ರೆಯ ವಿಚಾರಣೆ ಅಂಥದೇ ಕ್ರೌರ್ಯವನ್ನು ಸಾಬೀತು ಮಾಡಿತು. ಆಸ್ಪತ್ರೆಗಳನ್ನು ಹೊರಗಿನವರು ಹೋಗಿ ನೋಡುವ ವ್ಯವಸ್ಥೆ 1969ರಲ್ಲಿ ಜಾರಿಗೆ ಬಂದಿತು. ತನ್ನ ಪುಸ್ತಕವನ್ನು ಸುಳ್ಳೆಂದ ಸರ್ಕಾರವೇ ತಾನು ಕೇಳಿದ್ದನ್ನು ಮಾಡಿದ್ದನ್ನು ಆಕೆ ನೋಡಿದರು.

ಇಷ್ಟರಲ್ಲಿ ಗೋಡೆಯ ಹೊರಗಿನ ಕೆಲಸವೂ ಸದ್ದಿಲ್ಲದೆ ಆರಂಭವಾಗಿತ್ತು. ವಾರ್ಡುಗಳ ಬೀಗ ತೆಗೆಸಿದ ಡಾ. ರೀಸ್ ಅವರು ಮುಖ್ಯಸ್ಥರಾಗಿದ್ದ ವಾರ್ಲಿಂಗ್‌ಹ್ಯಾಂ ಪಾರ್ಕ್ ಆಸ್ಪತ್ರೆ 1954ರಲ್ಲಿ ತನ್ನ ಇಬ್ಬರು ಶುಶ್ರೂಷಕರನ್ನು ಬಿಡುಗಡೆಯಾದ ರೋಗಿಗಳ ಮನೆಗಳಿಗೆ ಕಳಿಸತೊಡಗಿತು. ಸಮುದಾಯದ ಮನೋಶುಶ್ರೂಷಕ ಎಂಬ ವೃತ್ತಿಯ ಮೊದಲನ್ನು ಸಾಮಾನ್ಯವಾಗಿ ಇಲ್ಲಿಂದಲೇ ಎಣಿಸುತ್ತಾರೆ. ನ್ಯೂಕ್ಯಾಸಲ್ ನಗರದಲ್ಲಿ ರಾತ್ ಮತ್ತು ಸಂಗಡಿಗರು ಮನೆಮನೆಯ ಸಮೀಕ್ಷೆ ನಡೆಸಿ 1964ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಮರೆವಿನ ರೋಗದವರಲ್ಲಿ ಬಹುಪಾಲು ಜನ ಆಸ್ಪತ್ರೆಯಲ್ಲೂ ಇಲ್ಲ, ಆಶ್ರಮದಲ್ಲೂ ಇಲ್ಲ; ತಮ್ಮ ತಮ್ಮ ಮನೆಗಳಲ್ಲೇ ಇದ್ದಾರೆ, ಸೊಸೆಯೋ ಮಗಳೋ ಹೆಂಡತಿಯೋ ನೋಡುತ್ತಿದ್ದಾರೆ. ಆರೈಕೆಯ ನಿಜವಾದ ಆಸ್ಪತ್ರೆ ಅಡುಗೆಮನೆಯ ಪಕ್ಕದ ಕೋಣೆಯೆಂದು ಅಂಕಿಸಂಖ್ಯೆಯಿಂದ ತಿಳಿಯಿತು.

1969ರಲ್ಲಿ ಡಾ. ಟಾಮ್ ಏರಿ ಪೂರ್ವ ಲಂಡನ್ನಿನ ಅಂಚಿನ ಗುಡ್‌ಮೇಸ್ ಆಸ್ಪತ್ರೆಯಲ್ಲಿ ವೃದ್ಧರ ಸೇವೆಯ ಹೊಣೆ ಹೊತ್ತರು. ಅವರ ನಿಯಮ ಸರಳ: ವೃದ್ಧರನ್ನು ಮೊದಲು ಅವರ ಮನೆಯಲ್ಲಿ ನೋಡಬೇಕು, ಆಮೇಲೆ ಮಿಕ್ಕ ಮಾತು. ಹೊರರೋಗಿಗಳ ಕೋಣೆಯಲ್ಲಿ ಕುಳಿತ ವೈದ್ಯನಿಗೆ ಕಾಣುವುದು ಸ್ನಾನ ಮಾಡಿಸಿ, ಹೊಸ ಬಟ್ಟೆ ತೊಡಿಸಿ, ಹೆದರಿಸಿ ಕರೆತಂದ ಮನುಷ್ಯ. ಮನೆಯಲ್ಲಿ ಕಾಣುವುದು ಬೇರೆ. ಒಲೆಯ ಮೇಲೆ ಸೀದ ಪಾತ್ರೆ, ತೆರೆಯದ ಪತ್ರಗಳು, ಒಂದೇ ಔಷಧದ ನಾಲ್ಕು ಬಾಟಲಿ, ಜಾರುವ ಮೆಟ್ಟಿಲು, ಕರೆದರೆ ಓಡಿಬರುವ ನೆರೆಯವಳು ಅಥವಾ ಅಂಥ ನೆರೆಯವಳಿಲ್ಲದಿರುವುದು. ಅರ್ಧ ರೋಗನಿದಾನ ಅಲ್ಲೇ ಆಗುತ್ತದೆ. ಆಸ್ಪತ್ರೆಗೆ ಸೇರಿಸುವುದೇ ಚಿಕಿತ್ಸೆಯೆಂಬ ಹಟ ಹೋದಾಗ ಕಾಯುವವರ ಸಾಲು ಕರಗುತ್ತದೆ ಎಂಬುದನ್ನೂ ಏರಿ ಕಾರ್ಯತಃ ತೋರಿಸಿದರು. 1989ರಲ್ಲಿ ಬ್ರಿಟನ್ನಿನ ಸರ್ಕಾರ ವೃದ್ಧರ ಮನೋವೈದ್ಯವನ್ನು ಪ್ರತ್ಯೇಕ ಶಾಖೆಯೆಂದು ಮಾನ್ಯ ಮಾಡಿತು. 1990ರ ಸಮುದಾಯ ಆರೈಕೆಯ ಕಾಯಿದೆ, 2001ರ ವೃದ್ಧರ ಸೇವೆಯ ರಾಷ್ಟ್ರೀಯ ಚೌಕಟ್ಟು ಇವೆಲ್ಲ ಆ ದಾರಿಯ ಮೈಲುಗಲ್ಲುಗಳು.

ಹೀಗೆ ಮನೆಗೆ ಹೋಗುವವರ ಕೈಯಲ್ಲಿ ಉಪಕರಣಗಳೂ ಬೇಕಷ್ಟೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಯೆಸವೇಜ್ ಮತ್ತು ಸಂಗಡಿಗರು 1980ರ ದಶಕದ ಮೊದಲಲ್ಲಿ ವೃದ್ಧರ ಖಿನ್ನತೆಯನ್ನು ಅಳೆಯಲು 30 ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದರು. 1986ರಲ್ಲಿ ಅದರ 15 ಪ್ರಶ್ನೆಗಳ ಚಿಕ್ಕ ರೂಪ ಬಂದಿತು. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಅದರ ಜಾಣತನ ಇರುವುದು ಅದು ಕೇಳದಿರುವ ಪ್ರಶ್ನೆಗಳಲ್ಲಿ. ಹಸಿವೆ, ಮೈನೋವು, ಮಲಬದ್ಧತೆಗಳ ಮಾತನ್ನು ಅದು ಎತ್ತುವುದಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಅವು ಯಾರಿಗಿಲ್ಲ? ಬದಲಾಗಿ, ದಿನಗಳು ಬರಿದೆನಿಸುತ್ತವೆಯೇ, ಹಿಂದೆ ಮಾಡುತ್ತಿದ್ದುದನ್ನು ಬಿಟ್ಟಿದ್ದೀರಾ, ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಲೇಸೆನಿಸುತ್ತದೆಯೇ ಎಂಬಂತಹ ವಿಚಾರಣೆ.

ಅನಂತರದ ಕೆಲಸವನ್ನು ಬಹಳ ಜನ ಬುದ್ಧಿವಾದ ಹೇಳುವುದೆಂದು ತಿಳಿದಿದ್ದಾರೆ. ಹಾಗಲ್ಲ. ಇಂದು ಇಂಗ್ಲೆಂಡಿನಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಬಳಸುವ ಒಂದು ವಿಧಾನದ ತತ್ತ್ವ ಇದು: ಮನಸ್ಸು ಕುಗ್ಗಿದಾಗ ಮನುಷ್ಯ ಒಂದೊಂದೇ ಚಟುವಟಿಕೆಯನ್ನು ಬಿಡುತ್ತಾನೆ, ಬಿಟ್ಟಷ್ಟೂ ಸಂತೋಷದ ಸಂದರ್ಭಗಳು ಇಲ್ಲವಾಗಿ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಉತ್ಸಾಹ ಬಂದಮೇಲೆ ಕೆಲಸ ಮಾಡೋಣವೆಂದು ಕಾಯಬಾರದು. ಸಣ್ಣ ಕೆಲಸದಿಂದ ಆರಂಭಿಸಿದರೆ ಉತ್ಸಾಹ ಹಿಂದಿನಿಂದ ಬರುತ್ತದೆ. ಕಾರ್ಯಕರ್ತ ಒಂದು ವಾರದ ದಿನಚರಿ ಬರೆಸುತ್ತಾನೆ, ಯಾವ ಗಂಟೆಯಲ್ಲಿ ಮನಸ್ಸು ಹೇಗಿತ್ತೆಂದು ಗುರುತು ಹಾಕಿಸುತ್ತಾನೆ. ಮಂಡಿ ನೋವಿನಿಂದ ತೋಟದ ಕೆಲಸ ಬಿಟ್ಟ ಹಿರಿಯರಿಗೆ ತೋಟವೆಂದರೆ ಏನಾಗಿತ್ತು? ಮಣ್ಣೋ, ನೆರೆಯವರೊಡನೆ ಬೇಲಿಯ ಮೇಲಿನ ಮಾತೋ, ಬೆಳೆದದ್ದನ್ನು ಕೊಡುವ ಹಿಗ್ಗೋ? ಅದನ್ನು ಕಂಡುಕೊಂಡರೆ ನೋವಿದ್ದೂ ಮಾಡಬಹುದಾದ ರೂಪವೊಂದು ಸಿಕ್ಕುತ್ತದೆ. ಕೊರೊನಾ ಕಾಲದಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 65 ದಾಟಿದ, ಹಲವು ದೀರ್ಘಕಾಲದ ಕಾಯಿಲೆಗಳಿದ್ದ 435 ಮಂದಿಯೊಡನೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನಿನ ಮೂಲಕ ಈ ವಿಧಾನದ ಹೆಚ್ಚೆಂದರೆ ಎಂಟು ಮಾತುಕತೆಗಳು ಖಿನ್ನತೆಯನ್ನೂ ಒಂಟಿತನದ ಕೊರಗನ್ನೂ ತಗ್ಗಿಸಿದವು.

ನೋಡಿಕೊಳ್ಳುವವರನ್ನೂ ನೋಡಿಕೊಳ್ಳಬೇಕೆಂಬುದು ಅಲ್ಲಿ ತಡವಾಗಿ ತಿಳಿದ ಪಾಠ. ಲಂಡನ್ ಪ್ರದೇಶದಲ್ಲಿ ಮರೆವಿನ ರೋಗಿಗಳ 260 ಬಂಧುಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೋವಿಜ್ಞಾನದ ಪದವಿ ಮಾತ್ರ ಇದ್ದ ತರುಣ ತರುಣಿಯರು ತಜ್ಞರ ಮೇಲ್ವಿಚಾರಣೆಯಲ್ಲಿ ಎಂಟು ಸಲ ಭೇಟಿಯಿತ್ತು ಕಲಿಸಿದ ಉಪಾಯಗಳು ಆ ಬಂಧುಗಳ ಬಳಲಿಕೆಯನ್ನು ಕಡಿಮೆ ಮಾಡಿದವು. ಇದೇ ಬಗೆಯ, ವೈದ್ಯರೂ ಅಲ್ಲದ ದಾದಿಯರೂ ಅಲ್ಲದ, ಆದರೆ ಕ್ರಮವಾದ ತರಬೇತಿ ಪಡೆದ ಕ್ಷೇಮಪಾಲಕರ ಹುದ್ದೆಗಳನ್ನು ಇಂಗ್ಲೆಂಡ್ ಕಳೆದ ಹದಿನೈದಿಪ್ಪತ್ತು ವರ್ಷಗಳಿಂದ ಹಂತಹಂತವಾಗಿ ನಿರ್ಮಿಸುತ್ತ ಬಂದಿದೆ. 2008ರಲ್ಲಿ ಆರಂಭವಾಗಿ 2023ರಲ್ಲಿ ಹೆಸರು ಬದಲಿಸಿಕೊಂಡ ಅಲ್ಲಿಯ ಮಾತಿನ ಚಿಕಿತ್ಸೆಯ ಯೋಜನೆಗೆ ವೃದ್ಧರು ತಮ್ಮ ಸಂಖ್ಯೆಗೆ ತಕ್ಕಷ್ಟು ಬರುತ್ತಿಲ್ಲವೆಂಬ ದೂರು ಇನ್ನೂ ಇದೆ. ಬಂದವರಾದರೋ ತರುಣರಿಗಿಂತ ಚೆನ್ನಾಗಿಯೇ ಗುಣವಾಗುತ್ತಾರೆ. ಕಳಿಸಬೇಕಾದ ವೈದ್ಯರೇ, ಈ ವಯಸ್ಸಿಗೆ ಇದು ಸಹಜವೆಂದು ಕೈಬಿಡುತ್ತಾರೆ. ಗಾದೆ ಸತ್ತಿಲ್ಲ.

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಯೊಂದಿದೆ. ‘ಬದುಕು ಸಾಕು’ ಎಂದು ಹಿರಿಯರು ಹೇಳಿದಾಗ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಬೇಕೆಂದು ತರಬೇತಿಯಲ್ಲಿ ಕಲಿಸುತ್ತಾರೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಿರಾಧಾರ. ಕೇಳಿದವರೊಡನೆ ಹೇಳಿಕೊಂಡು ಹಗುರಾಗುವವರೇ ಹೆಚ್ಚು. ಸಲ್ಲೇಖನವನ್ನು ಗೌರವಿಸುವ ನಮ್ಮ ಮನೆಗಳಲ್ಲಿ ಈ ವಿವೇಚನೆ ಇನ್ನೂ ಸೂಕ್ಷ್ಮವಾಗಬೇಕು. ಉಮಾಸ್ವಾಮಿಗಳು ಎಣಿಸಿದ ಸಲ್ಲೇಖನದ ಐದು ಅತಿಚಾರಗಳಲ್ಲಿ ಮರಣಾಶಂಸೆ, ಎಂದರೆ ಸಾವು ಬೇಗ ಬರಲೆಂಬ ಬಯಕೆ, ಒಂದು. ಸೊಸೆಯ ಮಾತಿಗೆ ನೊಂದು, ಪತ್ನಿಯ ಸಾವಿಗೆ ಕುಗ್ಗಿ, ನಿದ್ದೆಯಿಲ್ಲದೆ ಅನ್ನ ಬಿಟ್ಟವರನ್ನು ಕಂಡು ವೈರಾಗ್ಯವೆಂದು ಕೈಮುಗಿದು ಸುಮ್ಮನಾಗುವುದಕ್ಕೆ ಶಾಸ್ತ್ರದ ಸಮ್ಮತಿಯಿಲ್ಲ. ಮೊದಲು ವೈದ್ಯರನ್ನು ಕರೆಯಬೇಕು.

ಇನ್ನು ನಮ್ಮ ಕಡೆಯ ವೃತ್ತಾಂತ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಡಾ. ಆರ್. ಎಲ್. ಕಪೂರ್ ದಕ್ಷಿಣ ಕನ್ನಡದ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳ ಮಾನಸಿಕ ಸ್ವಾಸ್ಥ್ಯವನ್ನು ಅಧ್ಯಯನ ಮಾಡಿ 1976ರಲ್ಲಿ ಗ್ರಂಥವೊಂದನ್ನು ಹೊರತಂದರು. ಹಳ್ಳಿಯಲ್ಲಿ ನೆಮ್ಮದಿ, ಪಟ್ಟಣದಲ್ಲಿ ಮನೋರೋಗ ಎಂಬ ಹಳೆಯ ಕಲ್ಪನೆಗೆ ಅದು ಪೆಟ್ಟು ಕೊಟ್ಟಿತು. ಕಪೂರರು ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. ಆ ಸಂಸ್ಥೆ 1970ರ ದಶಕದ ನಡುವೆ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು ಕಲಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಿಂದ ದೇಶಕ್ಕೆಲ್ಲ ವಿಸ್ತರಿಸಿದ ಜಿಲ್ಲಾ ಯೋಜನೆಯ ಮಾದರಿ. ಇದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ, ಆದರೆ ಎಷ್ಟು ಜನರಿಗೆ ತಿಳಿದಿದೆ! ಹಾಗಿದ್ದೂ ಆ ಯೋಜನೆಯ ಮೊದಲ ಗಮನವಿದ್ದುದು ಚಿತ್ತವಿಕಲತೆ, ಮೂರ್ಛೆರೋಗ, ಬುದ್ಧಿಮಾಂದ್ಯಗಳ ಮೇಲೆ. ಮೂಲೆಯಲ್ಲಿ ಸದ್ದಿಲ್ಲದೆ ಕುಳಿತ ಮುದುಕಿ ಆ ಪಟ್ಟಿಯಲ್ಲಿ ಮುಂದೆ ಬರಲಿಲ್ಲ. ವೃದ್ಧರ ಖಿನ್ನತೆಯನ್ನೇ ಹಿಡಿದು ಆ ದಶಕಗಳಲ್ಲಿ ದುಡಿದವರು ಮಧುರೆಯ ಡಾ. ಎ. ವೆಂಕೋಬರಾವ್.

2017-18ರಲ್ಲಿ ದೇಶದಾದ್ಯಂತ ನಡೆದ ವೃದ್ಧರ ಸಮೀಕ್ಷೆಯ ಒಂದು ಅಂಕಿಯನ್ನು ಇಲ್ಲಿ ಕೊಡುತ್ತೇನೆ. 60 ದಾಟಿದವರಲ್ಲಿ ಪ್ರಶ್ನಾವಳಿಯ ಪ್ರಕಾರ ಖಿನ್ನತೆಯಿರುವವರು ನೂರಕ್ಕೆ 8.3, ವೈದ್ಯರು ತಮಗೆ ಖಿನ್ನತೆಯೆಂದು ಹೇಳಿದ್ದಾರೆ ಎಂದವರು ನೂರಕ್ಕೆ 0.8. ಹತ್ತರಲ್ಲಿ ಒಂಬತ್ತು ಪಾಲು ಲೆಕ್ಕಕ್ಕೇ ಬಂದಿಲ್ಲವೆಂದು ಅರ್ಥ.

ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲವೆಂದು ತೋರಿಸಿದ ಪ್ರಯೋಗ ನಮ್ಮ ನೆರೆಯ ಗೋವೆಯಲ್ಲೇ ನಡೆದಿದೆ. ಗೋವಾ ವೈದ್ಯಕೀಯ ಕಾಲೇಜಿನ ಡಾ. ಅಮಿತ್ ಡಯಾಸ್, ಡಾ. ವಿಕ್ರಂ ಪಟೇಲ್ ಮತ್ತು ಅಮೆರಿಕದ ಡಾ. ಚಾರ್ಲ್ಸ್ ರೆನಾಲ್ಡ್ಸ್ ಮೊದಲಾದವರು 60 ದಾಟಿದ 181 ಮಂದಿಯನ್ನು ಆರಿಸಿಕೊಂಡರು. ಇವರಿಗೆ ಖಿನ್ನತೆಯ ರೋಗ ಇನ್ನೂ ಹಿಡಿದಿರಲಿಲ್ಲ, ನೆರಳು ಬಿದ್ದಿತ್ತು. 91 ಮಂದಿಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ನೆರವಾದರು, 90 ಮಂದಿಗೆ ಎಂದಿನ ಉಪಚಾರ. ನೆರವೆಂದರೆ ಏನು? ಎದುರಿಗಿರುವ ಕಷ್ಟಗಳಲ್ಲಿ ಒಂದನ್ನು ಆರಿಸಿ, ಅದನ್ನು ಬಿಡಿಸುವ ದಾರಿಗಳನ್ನು ಅವರಿಂದಲೇ ಹೇಳಿಸಿ, ಒಂದನ್ನು ಮಾಡಿ ನೋಡಿಸುವುದು. ನಿದ್ದೆಯ ಕ್ರಮ ಕಲಿಸುವುದು. ಸಕ್ಕರೆ ಕಾಯಿಲೆಯಂಥವನ್ನು ಅಂಕೆಯಲ್ಲಿಡಲು ಹೇಳಿಕೊಡುವುದು. ಬರಬೇಕಾದ ಸರ್ಕಾರಿ ಸವಲತ್ತನ್ನು ಪಡೆಯಲು ಸಹಾಯ ಮಾಡುವುದು. ಈ ಕೊನೆಯ ಅಂಶ ನನ್ನಂಥ ವ್ಯಾಪಾರಿಗೆ ಬೇಗ ಅರ್ಥವಾಯಿತು. ಬಾರದ ಪಿಂಚಣಿ ಎಷ್ಟು ರಾತ್ರಿಗಳ ನಿದ್ದೆ ತಿನ್ನುತ್ತದೆಂದು ಅಂಗಡಿಯ ಸಾಲದ ಪುಸ್ತಕ ಇಟ್ಟವರು ಬಲ್ಲರು. ಒಂದು ವರ್ಷದ ಮೇಲೆ ನೋಡಿದಾಗ ನೆರವು ಪಡೆದವರಲ್ಲಿ 4 ಜನರಿಗೆ ಖಿನ್ನತೆಯ ರೋಗ ಬಂದಿತ್ತು, ಉಳಿದ ಗುಂಪಿನಲ್ಲಿ 13 ಜನರಿಗೆ. ಇದು ಪ್ರಕಟವಾದದ್ದು 2019ರಲ್ಲಿ.

ಜಿಂಬಾಬ್ವೆ ದೇಶದ ಹರಾರೆಯಲ್ಲಿ ಇದು ತಲೆಕೆಳಗಾದ ಕ್ರಮದಲ್ಲಿ ನಡೆದಿದೆ. ಡಾ. ಡಿಕ್ಸನ್ ಚಿಬಾಂಡಾ 2006ರಲ್ಲಿ ಎಂಬಾರೆ ಎಂಬ ಬಡ ಬಡಾವಣೆಯ 14 ಅಜ್ಜಿಯರಿಗೆ ತರಬೇತಿಯಿತ್ತು, ಆಸ್ಪತ್ರೆಯ ಅಂಗಳದ ಮರದ ಬೆಂಚಿನ ಮೇಲೆ ಕುಳ್ಳಿರಿಸಿದರು. ರೋಗಕ್ಕೆ ಇಂಗ್ಲಿಷ್ ಹೆಸರಿಡದೆ, ಅತಿಯಾಗಿ ಯೋಚಿಸುವುದು ಎಂಬರ್ಥದ ಅಲ್ಲಿಯ ಶೋನಾ ಭಾಷೆಯ ಮಾತಿನಿಂದಲೇ ಆ ಅಜ್ಜಿಯರು ಜನರನ್ನು ಮಾತನಾಡಿಸಿದರು. 573 ಮಂದಿಯ ಮೇಲೆ ನಡೆದ ಅದರ ಪರೀಕ್ಷೆ 2016ರಲ್ಲಿ ಪ್ರಕಟವಾಗಿ ಗುಣ ಸಿದ್ಧಪಟ್ಟಿತು. ಇಲ್ಲಿ ವೃದ್ಧರು ಆರೈಕೆ ಪಡೆಯುವವರಲ್ಲ, ಕೊಡುವವರು. ನಮ್ಮ ಊರುಗಳಲ್ಲಿ ನಿವೃತ್ತ ಶಿಕ್ಷಕಿಯರು, ದಾದಿಯರು, ಲೆಕ್ಕಪತ್ರ ಬಲ್ಲ ಹಿರಿಯರು ಬೆಳಿಗ್ಗೆ ಬಸದಿಗೆ ಬಂದುಹೋದಮೇಲೆ ಏನು ಮಾಡುತ್ತಾರೆ ಎಂಬುದನ್ನು ಟ್ರಸ್ಟುಗಳು ಒಮ್ಮೆ ವಿಚಾರಿಸಬಹುದು.

ಸದ್ಯಕ್ಕೆ ನಮ್ಮ ಕೈಗೆಟಕುವ ಎರಡು ಸೌಕರ್ಯಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಅದರ ಮಾರ್ಗದರ್ಶಕ ಸಂಸ್ಥೆಗಳಲ್ಲಿ ನಿಮ್ಹಾನ್ಸ್ ಮುಖ್ಯವಾದುದು. ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಪಿಂಚಣಿ, ಕಿರುಕುಳ, ಆಸರೆ ಮೊದಲಾದ ವಿಷಯಗಳಿಗೆ ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಕರೆ ಮಾಡುವವರು ವೃದ್ಧರೇ ಆಗಿರಬೇಕೆಂದಿಲ್ಲ. ಅವರನ್ನು ನೋಡಿಕೊಳ್ಳುವ ಮಗಳು, ಸೊಸೆ, ನೆರೆಯವರು, ಆಶ್ರಮದ ವ್ಯವಸ್ಥಾಪಕರು ಯಾರೂ ಕೇಳಬಹುದು.